ವೆಂಟಿಲೇಟರ್ ನಡೆಸುವ ಡಾಕ್ಟರ್ ಆಗೋದು ಹೇಗೆ?

ಕೋವಿಡ್ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ವೆಂಟಿಲೇಟರ್ ಬೆಡ್ ಸಿಕ್ತಾ? ಆ ಮಿಷನ್ ನಡೆಸೋಕೆ ಗೊತ್ತಿರುವವರು ಇದ್ದಾರಾ ಅಂತ ಕೇಳಿದವರು ಕಡಿಮೆ. ಅವರೇ ಕ್ರಿಟಿಕಲ್ ಕೇರ್ ಡಾಕ್ಟರ್‌ಗಳು, ಅಂದರೆ ಐಸಿಯುನಲ್ಲಿ ತೀರಾ ಹುಷಾರಿಲ್ಲದವರನ್ನು ನೋಡಿಕೊಳ್ಳುವವರು.

ಮೊದಲ ಹೆಜ್ಜೆ ಎಲ್ಲರಿಗೂ ಗೊತ್ತಿರೋದೇ. ಪಿಯುಸಿ ಸೈನ್ಸ್, ನೀಟ್, ಕೆಇಎ ಕೌನ್ಸೆಲಿಂಗ್, ಎಂಬಿಬಿಎಸ್. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ.

ಆಮೇಲೆ ನೀಟ್ ಪಿಜಿ ಬರೆದು 3 ವರ್ಷದ ಎಂಡಿ. ಇಲ್ಲಿ ಸ್ವಲ್ಪ ಯೋಚನೆ ಮಾಡಿ. ಅನಸ್ತೇಶಿಯಾ (ಅರಿವಳಿಕೆ), ಜನರಲ್ ಮೆಡಿಸಿನ್, ಪಲ್ಮನರಿ ಮೆಡಿಸಿನ್ (ಶ್ವಾಸಕೋಶದ ವಿಭಾಗ), ಯಾವುದರಿಂದಲಾದರೂ ಈ ಕಡೆ ಬರಬಹುದು. ನನ್ನ ಓಟು ಅನಸ್ತೇಶಿಯಾಕ್ಕೆ. ಗಂಟಲಿಗೆ ಟ್ಯೂಬ್ ಹಾಕೋದು ಆಪರೇಷನ್ ಥಿಯೇಟರ್‌ನಲ್ಲಿ ದಿನಾ ಮಾಡಿ ಮಾಡಿ ಕೈಗೆ ಕೂತಿರುತ್ತದೆ, ಐಸಿಯುನಲ್ಲಿ ನಡುರಾತ್ರಿ ಆಕ್ಸಿಜನ್ ಸರ್ರನೆ ಇಳಿಯುವಾಗ ಆ ಕೈ ನಡುಗೋದಿಲ್ಲ.

ಮುಂದೆ ಸೂಪರ್ ಸ್ಪೆಷಾಲಿಟಿ ಸೀಟಿನ ಪರೀಕ್ಷೆ ನೀಟ್ ಎಸ್‌ಎಸ್, ಅದರ ಮೂಲಕ ಕ್ರಿಟಿಕಲ್ ಕೇರ್‌ನಲ್ಲಿ ಡಿಎಂ ಅಥವಾ ಡಿಆರ್‌ಎನ್‌ಬಿ ಅನ್ನೋ ಸೂಪರ್ ಸ್ಪೆಷಾಲಿಟಿ ಪದವಿ, ಇನ್ನೂ 3 ವರ್ಷ. ಐಡಿಸಿಸಿಎಂ ಅಂತ ಇದಕ್ಕಿಂತ ಚಿಕ್ಕ ಡಿಪ್ಲೊಮಾ ಕೋರ್ಸೂ ಇದೆ. ಆದರೆ ಸೀಟು ಸಿಕ್ಕರೆ ಡಿಎಂ ಬಿಡಬೇಡಿ.

ಇನ್ನು ವೆಂಟಿಲೇಟರ್. ಬಟನ್‌ಗಳನ್ನು ಒಂದು ವಾರದಲ್ಲಿ ಕಲಿಯಬಹುದು. ಯಾರಿಗೆ ಎಷ್ಟು ಗಾಳಿ ಅನ್ನೋದನ್ನು ಕಲಿಯಲು ವರ್ಷಗಳು ಬೇಕು. ಶ್ವಾಸಕೋಶ ತೀರಾ ಹಾಳಾದ ಎಆರ್‌ಡಿಎಸ್ ರೋಗಿಗಳಿಗೆ ಒಂದೊಂದು ಉಸಿರಿಗೆ ದೇಹದ ತೂಕದ ಪ್ರತಿ ಕೆಜಿಗೆ 12 ಎಂಎಲ್ ಬದಲು 6 ಎಂಎಲ್ ಗಾಳಿ ಕೊಟ್ಟರೆ ಸಾವು ಕಡಿಮೆ ಅಂತ 2000ರಲ್ಲಿ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿತು. ಸುಮಾರು 40ರಿಂದ 31 ಪರ್ಸೆಂಟ್‌ಗೆ ಇಳಿಯಿತು. ಈ ಕೆಜಿ ತಕ್ಕಡಿಯ ತೂಕ ಅಲ್ಲ, ಎತ್ತರದಿಂದ ಲೆಕ್ಕ ಹಾಕಿದ್ದು. 165 ಸೆಂಟಿಮೀಟರ್ ಎತ್ತರದ ಗಂಡಸು 90 ಕೆಜಿ ಇದ್ದರೂ ಲೆಕ್ಕಕ್ಕೆ ಸುಮಾರು 61 ಕೆಜಿ ಅಷ್ಟೇ, ಅಂದರೆ ಒಂದು ಉಸಿರಿಗೆ ಹೆಚ್ಚುಕಡಿಮೆ 370 ಎಂಎಲ್. ದಪ್ಪಗಾದರೆ ಶ್ವಾಸಕೋಶ ಬೆಳೆಯೋದಿಲ್ಲ ಅಲ್ವಾ? ಹಾಗಾಗಿ ರೌಂಡ್ಸ್‌ಗೆ ಹೋಗುವಾಗ ಜೇಬಿನಲ್ಲಿ ಅಳತೆ ಟೇಪ್ ಇರಲಿ.

ಅಲಾರಂ ಹೊಡೆದರೆ ಮೊದಲು ರೋಗಿಯನ್ನು ನೋಡಿ, ಸ್ಕ್ರೀನ್ ಆಮೇಲೆ. ಎದೆ ಎರಡೂ ಕಡೆ ಏಳ್ತಿದೆಯಾ? ಟ್ಯೂಬ್ ಮಡಚಿದೆಯಾ, ಜಾರಿದೆಯಾ, ಕಫ ಕಟ್ಟಿದೆಯಾ? ಇದನ್ನೆಲ್ಲ ಬೇಗ ಗುರುತಿಸುವುದು ಹಳೆಯ ಐಸಿಯು ನರ್ಸ್‌ಗಳು, ನಾಚಿಕೆ ಬಿಟ್ಟು ಅವರ ಹತ್ತಿರ ಕಲಿಯಿರಿ.

ಮಿಷನ್ ಹಾಕುವುದಕ್ಕಿಂತ ತೆಗೆಯುವುದರಲ್ಲೇ ನಿಜವಾದ ಪಳಗುವಿಕೆ ಇರೋದು. ಸುಮ್ನೆ ಜಾಸ್ತಿ ದಿನ ಬಿಟ್ಟರೆ ಸೋಂಕು, ಉಸಿರಾಟದ ಸ್ನಾಯುಗಳೂ ಸೊರಗುತ್ತವೆ. ಅದಕ್ಕೇ ರೋಗಿ ಸ್ವಲ್ಪ ಚೇತರಿಸಿಕೊಂಡ ಮೇಲೆ ದಿನಾ ಬೆಳಿಗ್ಗೆ ನಿದ್ದೆಯ ಔಷಧಿ ಇಳಿಸಿ, ಅರ್ಧ ಗಂಟೆ ಮಿಷನ್ನಿನ ನೆರವು ತೀರಾ ಕಡಿಮೆ ಮಾಡಿ, ಪಕ್ಕದಲ್ಲೇ ನಿಂತು ನೋಡಬೇಕು.

ಮನೆಯವರ ಜೊತೆ ಮಾತಾಡೋದನ್ನು ಮಾತ್ರ ಯಾವ ಪರೀಕ್ಷೆಯೂ ಸರಿಯಾಗಿ ಕಲಿಸಲ್ಲ. 'ಡಾಕ್ಟ್ರೇ, ವೆಂಟಿಲೇಟರ್‌ಗೆ ಹಾಕಿದ್ರೆ ವಾಪಸ್ ಬರಲ್ಲ ಅಂತಾರಲ್ಲ?' ಅಂತ ಕೇಳ್ತಾರೆ. ಕಾರಿಡಾರ್‌ನಲ್ಲಿ ನಿಂತು ಉತ್ತರ ಕೊಡಬೇಡಿ. ಕೂರಿಸಿ, ನೀವೂ ಕೂತು, 'ಇದು ಕಾಯಿಲೆ ವಾಸಿ ಮಾಡಲ್ಲಮ್ಮ, ಔಷಧಿ ಕೆಲಸ ಮಾಡೋವರೆಗೂ ಉಸಿರಾಟ ನೋಡ್ಕೊಳ್ಳುತ್ತೆ' ಅಂತ ಅವರ ಭಾಷೆಯಲ್ಲೇ ಹೇಳಿ, ಆಮೇಲೆ ಅವರು ಇನ್ನೇನು ಕೇಳುತ್ತಾರೋ ಅದನ್ನೂ ಪೂರ್ತಿ ಕೇಳಿಸಿಕೊಳ್ಳಿ.