ಅಂಗಳದ ತಾಳಮದ್ದಳೆಗೆ ನಾನು ಸ್ಪೀಕರ್ ಆರಿಸಿದ ಬಗೆ

ನಮ್ಮದು ಶಿರಸಿ ತಾಲ್ಲೂಕಿನ ಅಡಕೆ ತೋಟದ ಮನೆ. ಕೊನೆಕೊಯ್ಲು ಶುರುವಾಯಿತೆಂದರೆ ಸಂಜೆಯ ಹೊತ್ತಿಗೆ ಅಂಗಳದ ಚಪ್ಪರದಡಿ ಹತ್ತು ಹನ್ನೆರಡು ಮಂದಿ ಮೆಟ್ಟುಗತ್ತಿ ಹಾಕಿಕೊಂಡು ಅಡಕೆ ಸುಲಿಯಲು ಕೂರುತ್ತಾರೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತದೆ, ಕಿವಿಗೆ ಮಾತ್ರ ಏನಾದರೂ ಬೇಕು. ನಾನು ಚಿಕ್ಕವನಿದ್ದಾಗ ಟೇಪ್ ರೆಕಾರ್ಡರ್ ಇಟ್ಟು ತಾಳಮದ್ದಳೆಯ ಕ್ಯಾಸೆಟ್ ಹಾಕುತ್ತಿದ್ದರು. ವೇಷ ಕುಣಿತಗಳಿಲ್ಲದೆ, ಭಾಗವತರ ಪದ್ಯ ಮತ್ತು ಅರ್ಥಧಾರಿಗಳ ಮಾತಿನಲ್ಲೇ ನಡೆಯುವ ಯಕ್ಷಗಾನ ಅದು; ಆ ಮಾತಿಗೆ ‘ಅರ್ಥ’ ಎನ್ನುತ್ತಾರೆ. ಈಗ ಆ ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೇನೆ. ಮನೆಯೊಳಗೆ ಜಗಲಿಯಲ್ಲೊಂದು, ಅಡುಗೆಮನೆಯಲ್ಲೊಂದು ವೈಫೈ ಸ್ಪೀಕರ್ ಇವೆ. ಎರಡೂ ಒಟ್ಟಿಗೆ ಹಾಡುತ್ತವೆ. ಆಯಿ ಒಗ್ಗರಣೆ ಹಾಕುತ್ತಲೇ ಭಾಗವತಿಕೆ ಕೇಳುತ್ತಾಳೆ. ಅದೇ ಪ್ರಸಂಗ ಅಂಗಳದಲ್ಲಿ ಕುಳಿತವರಿಗೂ ಕೇಳಬೇಕು ಎನ್ನುವುದಷ್ಟೇ ನನ್ನ ಆಸೆಯಾಗಿತ್ತು. ಅದು ಕೈಗೂಡಲು ಎರಡು ಸುಗ್ಗಿ ಹಿಡಿಯಿತು.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಪೇಟೆಯಿಂದ ಒಂದು ದೊಡ್ಡ ಬ್ಲೂಟೂತ್ ಪೆಟ್ಟಿಗೆ ತಂದು ಜಗಲಿಯ ಕಟ್ಟೆಯ ಮೇಲಿಟ್ಟೆ. ಸದ್ದಿಗೇನೂ ಕೊರತೆ ಇರಲಿಲ್ಲ. ಮದ್ದಳೆ ಎದೆಗೆ ಬಡಿಯುತ್ತಿತ್ತು. ಆದರೆ ಮೂರನೆಯ ದಿನ ಚಪ್ಪರದ ಕೊನೆಯಲ್ಲಿ ಕೂರುವ ಹಿರಿಯ ಹೆಂಗಸೊಬ್ಬರು ನನ್ನನ್ನು ಕರೆದು, “ತಮ್ಮಾ, ಪದ್ಯ ಕೇಳುತ್ತದೆ, ಅರ್ಥ ಕೇಳುವುದಿಲ್ಲ” ಎಂದರು. ನಾನು ಹೋಗಿ ಅವರ ಪಕ್ಕದಲ್ಲೇ ಕುಳಿತೆ. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅರ್ಥಧಾರಿ ಕೌರವ ಎಂದನೋ ಗೌರವ ಎಂದನೋ ಗೊತ್ತಾಗುತ್ತಿರಲಿಲ್ಲ. ಧ್ವನಿ ಹೆಚ್ಚಿಸಿದರೆ ಪೆಟ್ಟಿಗೆಯ ಎದುರು ಕುಳಿತವರು ಕಿವಿ ಮುಚ್ಚಿಕೊಳ್ಳುತ್ತಿದ್ದರು, ತಗ್ಗಿಸಿದರೆ ಕೊನೆಯ ಸಾಲಿಗೆ ಗುಂಯ್ ಎನ್ನುವುದೊಂದೇ ಉಳಿಯುತ್ತಿತ್ತು.

ಇನ್ನೊಂದು ತೊಂದರೆಯೂ ಇತ್ತು. ಒಳಗಿನ ಸ್ಪೀಕರ್‌ಗಳು ವೈಫೈ ಮೂಲಕ ಒಂದಕ್ಕೊಂದು ತಾಳ ಕಾಯ್ದುಕೊಂಡು ನುಡಿಯುತ್ತವೆ. ಬ್ಲೂಟೂತ್ ಪೆಟ್ಟಿಗೆ ಆ ಗುಂಪಿನದಲ್ಲ. ಫೋನಿನಿಂದ ಅದಕ್ಕೆ ಹೋಗುವ ಧ್ವನಿ ತುಸು ತಡವಾಗಿಯೇ ಹೊರಬರುತ್ತದೆ. ಹೆಬ್ಬಾಗಿಲಲ್ಲಿ ನಿಂತರೆ ಭಾಗವತರು ಎರಡು ಸಲ ಹಾಡುತ್ತಿದ್ದರು. ಮೇಲಾಗಿ ನಮ್ಮ ಗೋಡೆ ಒಂದೂವರೆ ಅಡಿ ದಪ್ಪದ ಕೆಂಪುಕಲ್ಲಿನದು. ಫೋನನ್ನು ಹಿಡಿದು ಅಡುಗೆಮನೆಗೆ ಹೋದರೆ ಅಂಗಳದ ಪೆಟ್ಟಿಗೆ ಮೂಕವಾಗುತ್ತಿತ್ತು.

ಆ ಮಳೆಗಾಲವಿಡೀ ಓದಿದೆ, ಅಳೆದೆ, ಲೆಕ್ಕ ಹಾಕಿದೆ. ನನಗೆ ಮುಖ್ಯವೆನಿಸಿದ ಸಂಗತಿ ಇದು: ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯೊಳಗಾದರೆ ಗೋಡೆ, ಮಾಡು, ನೆಲ ಎಲ್ಲವೂ ಧ್ವನಿಯನ್ನು ಮರಳಿಸುತ್ತವೆ. ಅಂಗಳದಲ್ಲಿ ಮರಳಿಸುವವರು ಯಾರೂ ಇಲ್ಲ. ಒಂದು ಮೀಟರಿನಲ್ಲಿ 88 ಡೆಸಿಬೆಲ್ ಇದ್ದದ್ದು ಎರಡು ಮೀಟರಿಗೆ 82, ನಾಲ್ಕಕ್ಕೆ 76, ಎಂಟಕ್ಕೆ 70. ಅಂದರೆ ಒಂದೇ ಪೆಟ್ಟಿಗೆಯಿಂದ ಹದಿನಾಲ್ಕು ಮೀಟರ್ ಉದ್ದದ ಅಂಗಳವನ್ನು ಸಮವಾಗಿ ತುಂಬಿಸುವುದು ಆಗದ ಮಾತು. ದೊಡ್ಡ ಪೆಟ್ಟಿಗೆಯ ಬದಲು ಸಣ್ಣವನ್ನು ಜನರ ಹತ್ತಿರ ತರಬೇಕು. ಪ್ರತಿಯೊಬ್ಬರಿಗೂ ಮೂರು ಮೀಟರಿನೊಳಗೆ ಒಂದು ಸ್ಪೀಕರ್ ಇದ್ದರೆ ಒಂದು ವ್ಯಾಟ್‌ನಷ್ಟು ಶಕ್ತಿಯೇ ಸಾಕಾಗಿ ಮಿಗುತ್ತದೆ. ಅಂಗಡಿಯ ಪೆಟ್ಟಿಗೆಗಳ ಮೇಲೆ ದಪ್ಪಕ್ಷರದಲ್ಲಿ ಬರೆದ 200, 500 ವ್ಯಾಟ್‌ಗಳಿಗೆ ಮರುಳಾಗಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ನೋಡಬೇಕಾದ್ದು ಸಂವೇದನೆಯ (ಸೆನ್ಸಿಟಿವಿಟಿ) ಅಂಕಿ, ಅಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರಿನಲ್ಲಿ ಎಷ್ಟು ಡೆಸಿಬೆಲ್ ಎಂಬುದು. 88 ಅಥವಾ ಅದಕ್ಕಿಂತ ಮೇಲಿದ್ದರೆ ಮನೆಯ ಅಂಗಳಕ್ಕೆ ಧಾರಾಳ.

ನಮ್ಮ ಭಾವ ದೇವಸ್ಥಾನದ ಉತ್ಸವಗಳಿಗೆ ಮೈಕ್ ಸೆಟ್ ನೋಡಿಕೊಳ್ಳುವವರು. “ಎರಡು ಹಾರ್ನ್ ಕಟ್ಟಿಬಿಡು, ಮುಗಿಯಿತು” ಎಂದರು. ಹಾರ್ನ್ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಆ ಕೆಲಸ ಮಾತನ್ನು ದೂರಕ್ಕೆ ಎಸೆಯುವುದು. ನನಗೆ ಬೇಕಾದ್ದು ಮಾತು ಅಂಗಳದಲ್ಲೇ ಉಳಿಯುವುದು. ಆಚೆಮನೆಯಲ್ಲಿ ಹತ್ತನೆಯ ತರಗತಿಗೆ ಓದುವ ಹುಡುಗಿ ಇದ್ದಾಳೆ. ಕಾನೂನೂ ಇದೆ: 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ, ವಾಸದ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ಸ್ಪೀಕರ್ ಹತ್ತಿರವಿದ್ದರೆ ಈ ಮಿತಿ ಭಾರವೆನಿಸುವುದೇ ಇಲ್ಲ. ಮೂರು ಮೀಟರಿನಲ್ಲಿ 68 ಡೆಸಿಬೆಲ್ ಇರುವ ಒಂದು ಸ್ಪೀಕರಿನ ಧ್ವನಿ ಮೂವತ್ತು ಮೀಟರ್ ಆಚೆ 48ಕ್ಕೆ ಇಳಿದಿರುತ್ತದೆ.

ಉತ್ಸವದಲ್ಲಿ ಬಳಸುವ 100 ವೋಲ್ಟ್ ಲೈನ್ ವ್ಯವಸ್ಥೆಯನ್ನೂ ಭಾವನಿಂದಲೇ ಕೇಳಿ ತಿಳಿದುಕೊಂಡೆ. ಪ್ರತಿ ಸ್ಪೀಕರಿಗೂ ಒಂದು ಟ್ರಾನ್ಸ್‌ಫಾರ್ಮರ್ ಇಟ್ಟು ನೂರಾರು ಮೀಟರ್ ತೆಳು ತಂತಿಯಲ್ಲಿ ಹತ್ತಾರು ಸ್ಪೀಕರ್ ನಡೆಸುವ ವಿಧಾನ ಅದು. ರೆಸಾರ್ಟಿಗೋ ಶಾಲೆಯ ಮೈದಾನಕ್ಕೋ ಅದೇ ಸರಿ. ಇಪ್ಪತ್ತು ಮೀಟರಿನ ಮನೆಗೆ ಬೇಕಿಲ್ಲ.

ಉಳಿದದ್ದು ಎರಡು ದಾರಿ. ಒಂದು, ವೈಫೈ ತನ್ನೊಳಗೇ ಇರುವ, ನೀರು ತಾಳುವ ಸ್ಪೀಕರ್. ಸೋನೋಸ್ ಕಂಪನಿಯ ಮೂವ್ ಅಂಥದ್ದು. ಬ್ಯಾಟರಿಯೂ ಇದೆ, ಎತ್ತಿಕೊಂಡು ಹೋಗಬಹುದು. ಪೇಟೆಯ ತಾರಸಿಯಲ್ಲಿ ನಾಲ್ಕು ಜನ ಕೂರುವವರಿಗೆ ಇದಕ್ಕಿಂತ ಸುಲಭದ್ದು ಇಲ್ಲ. ಆದರೆ ನನಗೆ ನಾಲ್ಕು ಬೇಕು, ನಾಲ್ಕಕ್ಕೂ ಬೆಲೆ ಕೊಡಬೇಕು, ನಾಲ್ಕಕ್ಕೂ ಕೆಂಪುಕಲ್ಲಿನ ಗೋಡೆ ದಾಟಿ ವೈಫೈ ಸಿಗಬೇಕು. ಎರಡನೆಯದು, ವೈಫೈ ಇರುವ ಆಂಪ್ಲಿಫೈಯರ್ ಒಂದನ್ನು ಒಳಗಿಟ್ಟು, ಅದರಿಂದ ತಂತಿ ಎಳೆದು ಹೊರಗೆ ಬರೀ ಸ್ಪೀಕರ್ ತೂಗುಹಾಕುವುದು. ನಾನು ಇದನ್ನೇ ಆರಿಸಿದೆ. ಎಲೆಕ್ಟ್ರಾನಿಕ್ಸ್ ಎಲ್ಲವೂ ಒಳಗೆ, ರೂಟರಿನ ಪಕ್ಕದಲ್ಲಿ, ಇನ್ವರ್ಟರಿನ ಆಸರೆಯಲ್ಲಿ ಬೆಚ್ಚಗಿರುತ್ತದೆ. ಹೊರಗೆ ಹೋಗುವುದು ತಾಮ್ರ, ಅಯಸ್ಕಾಂತ, ಪ್ಲಾಸ್ಟಿಕ್ ಮಾತ್ರ. ಹಾಳಾದರೂ ಅಗ್ಗದ್ದೇ ಹಾಳಾಗುತ್ತದೆ.

ಆಂಪ್ಲಿಫೈಯರ್ ಕೊಳ್ಳುವಾಗ ಒಂದು ಎಚ್ಚರ ಬೇಕು. ಅದು ಒಳಗಿನ ಸ್ಪೀಕರ್‌ಗಳ ಕುಟುಂಬಕ್ಕೇ ಸೇರಿದ್ದಾಗಿರಬೇಕು. ನಮ್ಮಲ್ಲಿರುವುದು ವೀಮ್ ಕಂಪನಿಯ ಸಾಧನಗಳು, ಹಾಗಾಗಿ ವೀಮ್‌ನದೇ ಆಂಪ್ ತಂದೆ. ಸೋನೋಸ್ ಇದ್ದ ಮನೆಗೆ ಸೋನೋಸ್‌ನ ಆಂಪ್ ಇದೆ. ಬೇರೆ ಬೇರೆ ಕಂಪನಿಯವನ್ನು ಬೆರೆಸಿದರೆ ಭಾಗವತರು ಮತ್ತೆ ಎರಡೆರಡು ಸಲ ಹಾಡುವ ಸಾಧ್ಯತೆ ಇರುತ್ತದೆ. ಓಮ್ ಎಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ; ಅದು ಕಡಿಮೆಯಾದಷ್ಟೂ ಆಂಪ್‌ಗೆ ಹೊರೆ ಹೆಚ್ಚು. ನನ್ನ ಆಂಪ್ 8 ಓಮ್‌ಗೆ ಒಂದೊಂದು ಬದಿಗೆ 60 ವ್ಯಾಟ್ ಕೊಡುತ್ತದೆ, 4 ಓಮ್‌ನ ಹೊರೆಯನ್ನೂ ತಾಳುತ್ತದೆ. ಈ ಎರಡನೆಯ ಮಾತು ನನಗೆ ಮುಖ್ಯವಾಗಿತ್ತು. ಏಕೆಂದರೆ 8 ಓಮ್‌ನ ಎರಡು ಸ್ಪೀಕರ್‌ಗಳನ್ನು ಒಂದೇ ಬದಿಗೆ ಸಮಾನಾಂತರವಾಗಿ ಜೋಡಿಸಿದರೆ ಆಂಪ್‌ಗೆ ಕಾಣುವುದು 4 ಓಮ್. 4 ಓಮ್‌ನ ಸ್ಪೀಕರ್‌ಗಳನ್ನೇ ತಂದು ಹೀಗೆ ಜೋಡಿಸಿದ್ದರೆ ಅದು 2 ಓಮ್ ಆಗಿ ಆಂಪ್ ಬಿಸಿಯೇರಿ ನಿಂತುಬಿಡುತ್ತಿತ್ತು.

ಇನ್ನು ಸ್ಪೀಕರ್. ಹೊರಾಂಗಣಕ್ಕೆಂದೇ ಮಾಡಿದವು ಪೋಲ್ಕ್, ಯಮಹಾ, ಜೆಬಿಎಲ್ ಮೊದಲಾದ ಕಂಪನಿಗಳಲ್ಲಿ ಸಿಗುತ್ತವೆ. ಕಂಪನಿಯ ಹೆಸರಿಗಿಂತ ನಾನು ಕೈಯಲ್ಲಿ ಹಿಡಿದು ನೋಡಿದ್ದು ಬೇರೆಯನ್ನು. ಕೋನ್, ಅಂದರೆ ಅದುರಿ ಧ್ವನಿ ಹೊರಡಿಸುವ ಭಾಗ, ಕಾಗದದ್ದಾಗಿರಬಾರದು; ನಮ್ಮ ಆಷಾಢದ ತೇವಕ್ಕೆ ಕಾಗದ ಬೂಷ್ಟು ಹಿಡಿದು ಮೆತ್ತಗಾಗುತ್ತದೆ. ಪಾಲಿಪ್ರೊಪಿಲೀನ್ ಕೋನ್, ಅದರ ಸುತ್ತ ರಬ್ಬರಿನ ಅಂಚು ಇರಲಿ. ಮುಂದಿನ ಜಾಲರಿ ಅಲ್ಯೂಮಿನಿಯಂ ಆಗಿರಲಿ, ತೂಗುಹಾಕುವ ಕೊಂಡಿಯೂ ತಿರುಪೂ ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಬೆನ್ನಿನಲ್ಲಿ ಗಾಳಿ ಹೊರಬರುವ ತೂತು ಇಲ್ಲದ, ಪೂರ್ತಿ ಮುಚ್ಚಿದ ಪೆಟ್ಟಿಗೆಯನ್ನೇ ನಾನು ಹುಡುಕಿದೆ. ತೂತಿದ್ದರೆ ತಗ್ಗಿನ ಸ್ವರ ಚೆನ್ನಾಗಿ ಬರುತ್ತದೆ ಎನ್ನುವುದು ನಿಜ. ಆದರೆ ನಮ್ಮ ಕಡೆ ಬಾಗಿಲ ಬೀಗದ ಕಿಂಡಿಯನ್ನೂ ಬಿಡದೆ ಮಣ್ಣು ಮೆತ್ತುವ ಕುಂಬಾರ ಹುಳ ಇದೆ. ಎರಡು ಇಂಚಿನ ತೂತು ಅದಕ್ಕೆ ಕಟ್ಟಿಸಿಕೊಟ್ಟ ಮನೆ.

ದೂಳು ನೀರು ಎಷ್ಟು ತಾಳುತ್ತದೆಂದು ಹೇಳುವ ಐಪಿ ಅಂಕಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೊದಲ ಅಂಕಿ ದೂಳಿನದು, ಎರಡನೆಯದು ನೀರಿನದು. ನೀರಿನ ಅಂಕಿ 4 ಎಂದರೆ ಎರಚಲು ತಾಳುತ್ತದೆ, 5 ಎಂದರೆ ಪೈಪಿನ ಧಾರೆ, 7 ಎಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ. ಅಂಕಿಯ ಜಾಗದಲ್ಲಿ ಎಕ್ಸ್ ಇದ್ದರೆ ಆ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ ಎಂದಷ್ಟೇ ಅರ್ಥ. ಆದರೆ ನೀರಿನ ಈ ಪರೀಕ್ಷೆಗಳು ಕೆಲವು ನಿಮಿಷಗಳಿಂದ ಅರ್ಧ ಗಂಟೆಯವರೆಗಿನವು. ಮೂರು ತಿಂಗಳು ಬಟ್ಟೆಯೇ ಒಣಗದ ಮಲೆನಾಡಿನ ತೇವವನ್ನೂ ಏಪ್ರಿಲ್ಲಿನ ಬಿಸಿಲನ್ನೂ ಆ ಅಂಕಿ ಹೇಳುವುದಿಲ್ಲ. ನನಗೆ ಆಗ ಹೊಳೆದದ್ದೇನೆಂದರೆ, ಸುಲಿಯುವ ಕೆಲಸ ನಡೆಯುವುದು ಮಳೆ ಇಲ್ಲದ ತಿಂಗಳುಗಳಲ್ಲಿ. ಸ್ಪೀಕರ್ ಕೆಡುವುದು ಹಾಡುವಾಗಲ್ಲ, ಸುಮ್ಮನೆ ತೂಗುತ್ತಿರುವಾಗ. ಹಾಗಾಗಿ ಎರಡನ್ನು ಮಾಡಿನ ಇಳಿಜಾರಿನ ಅಡಿಗೆ, ಎರಚಲು ಮುಟ್ಟದಷ್ಟು ಒಳಗೆ, ಕಾಯಂ ಕೂರಿಸಿದೆ. ಇನ್ನೆರಡನ್ನು ಚಪ್ಪರದ ಹೊರಗಿನ ಕಂಬಗಳಿಗೆ. ಚಪ್ಪರ ಹೇಗೂ ಮಳೆಗೆ ಮುಂಚೆ ಇಳಿಯುತ್ತದೆ. ಅದರೊಂದಿಗೆ ಅವೂ ಇಳಿಯುತ್ತವೆ. ಕಂಬದ ಮೇಲಿನವು ತೋಟಕ್ಕೆ ಬೆನ್ನು ಹಾಕಿ ಮನೆಯ ಕಡೆಗೆ ಮುಖ ಮಾಡಿವೆ. ಇದರಿಂದ ಆಚೆಮನೆಗೆ ಹೋಗುವ ಸದ್ದು ಇನ್ನಷ್ಟು ಕಡಿಮೆಯಾಯಿತು.

ತಂತಿಯಲ್ಲಿ ಉಳಿತಾಯ ಮಾಡಬೇಡಿ. ಆಂಪ್‌ನಿಂದ ದೂರದ ಕಂಬಕ್ಕೆ 22 ಮೀಟರ್, ಹೋಗಿ ಬರುವುದು ಸೇರಿ 44. ಒಂದು ಚದರ ಮಿಲಿಮೀಟರಿನ ತಂತಿಯಾದರೆ ಅದರ ತಡೆಯೇ ಸುಮಾರು 0.86 ಓಮ್, ಸ್ಪೀಕರಿನ 8 ಓಮ್‌ಗೆ ಹೋಲಿಸಿದರೆ ಹತ್ತಕ್ಕೊಂದು ಪಾಲಿಗಿಂತ ಹೆಚ್ಚು. ಎರಡೂವರೆ ಚದರ ಮಿಲಿಮೀಟರಿನದಾದರೆ 0.35. ಶಿರಸಿ ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಎರಡೂವರೆಯ ಎರಡೆಳೆ ತಾಮ್ರದ ತಂತಿಯನ್ನೇ ತಂದೆ. ನಾಲ್ಕಕ್ಕೂ ಆಂಪ್‌ನಿಂದಲೇ ಬೇರೆ ಬೇರೆ ತಂತಿ. ಎಲ್ಲವೂ ಪಿವಿಸಿ ಪೈಪಿನೊಳಗೆ, ಇಲಿ ಅಳಿಲುಗಳ ಹಲ್ಲಿನಿಂದ ದೂರ. ಸ್ಪೀಕರಿಗೆ ಸೇರುವ ಮುನ್ನ ತಂತಿಯನ್ನು ಒಂದು ಗೇಣು ಕೆಳಗಿಳಿಸಿ ಮತ್ತೆ ಮೇಲಕ್ಕೆತ್ತಿದೆ, ಜೋಕಾಲಿಯ ಹಗ್ಗ ಬಾಗಿದ ಹಾಗೆ. ತಂತಿಯ ಮೇಲೆ ಹರಿದು ಬರುವ ನೀರು ಆ ಬಾಗಿನ ತಳದಲ್ಲೇ ತೊಟ್ಟಿಕ್ಕಿಬಿಡುತ್ತದೆ, ಜೋಡಣೆಯವರೆಗೆ ಏರುವುದಿಲ್ಲ.

ಎಲ್ಲ ಮುಗಿಸಿ ಮೊದಲ ಸಲ ಹಾಕಿದಾಗ ಎದೆ ಧಸಕ್ ಎಂದಿತು. ಚಪ್ಪರದ ನಡುವೆ ನಿಂತರೆ ಮಾತು ಪೊಳ್ಳು, ಮದ್ದಳೆಗೆ ಹೊಟ್ಟೆಯೇ ಇಲ್ಲ. ಯಾವುದೋ ಒಂದು ಸ್ಪೀಕರಿಗೆ ತಂತಿಗಳು ಅದಲುಬದಲಾಗಿವೆ ಎಂದು ಅನುಮಾನ ಬಂತು. ಹೀಗಾದರೆ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗಿ ಒಂದರ ಧ್ವನಿಯನ್ನು ಇನ್ನೊಂದು ನುಂಗುತ್ತದೆ. ಪತ್ತೆಗೆ ಗೋಡೆ ಗಡಿಯಾರದ ಪೆನ್ಸಿಲ್ ಸೆಲ್ ಸಾಕಾಯಿತು. ಆಂಪ್‌ನ ಕಡೆಯ ತಂತಿಗಳನ್ನು ಬಿಚ್ಚಿ, ಕೆಂಪು ತಂತಿಗೆ ಸೆಲ್ಲಿನ ಧನ ತುದಿಯನ್ನೂ ಕಪ್ಪಿಗೆ ಋಣ ತುದಿಯನ್ನೂ ಕ್ಷಣಕಾಲ ತಾಗಿಸುತ್ತ ಹೋದೆ. ಜಾಲರಿ ತೆಗೆದ ಸ್ಪೀಕರ್‌ಗಳ ಎದುರು ಮಗಳು ನಿಂತಿದ್ದಳು. ಟಪ್ ಎಂದಾಗಲೆಲ್ಲ “ಮುಂದೆ ಬಂತು ಅಪ್ಪಾ” ಎನ್ನುತ್ತಿದ್ದವಳು ಮೂರನೆಯದಕ್ಕೆ “ಇದು ಒಳಗೆ ಹೋಯಿತು” ಎಂದಳು. ತಂತಿ ಅದಲುಬದಲು ಮಾಡಿದ ಕೂಡಲೇ ಮದ್ದಳೆಗೆ ಹೊಟ್ಟೆ ಬಂತು.

ಆಮೇಲೆ ಮಾಡಿದ್ದು ಸಣ್ಣ ತಿದ್ದುಪಡಿಗಳು. ಎಡ ಬಲ ಬೇರೆ ಮಾಡದೆ ಎಲ್ಲ ಸ್ಪೀಕರಿಗೂ ಒಂದೇ ಧ್ವನಿ ಹೋಗುವಂತೆ ಹೊಂದಿಸಿದೆ; ಅಂಗಳದಲ್ಲಿ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಕೂರುವಾಗ ಸ್ಟೀರಿಯೊ ಇದ್ದರೆ ಅರ್ಧ ಜನಕ್ಕೆ ಅರ್ಧ ಹಾಡು. ತಗ್ಗಿನ, ಎತ್ತರದ ಸ್ವರಗಳನ್ನು ಬೇರೆ ಬೇರೆಯಾಗಿ ಹೊಂದಿಸುವ ಈಕ್ವಲೈಸರ್‌ನಲ್ಲಿ 120 ಹರ್ಟ್ಸ್‌ಗಿಂತ ಕೆಳಗಿನದನ್ನು ಸ್ವಲ್ಪ ತಗ್ಗಿಸಿ, 3000 ಹರ್ಟ್ಸ್ ಆಸುಪಾಸನ್ನು ತುಸು ಎತ್ತಿದೆ. ಕನ್ನಡದ ಸಕಾರ ಶಕಾರಗಳೂ ಟ ತಗಳೂ ಸ್ಪಷ್ಟವಾಗುವುದು ಆ ಮೇಲಿನ ಭಾಗದಲ್ಲಿ. ಜೋರು ಎತ್ತಿದರೆ ಹಳೆಯ ಕ್ಯಾಸೆಟ್ಟಿನ ಸುಸ್ ಸದ್ದೂ ಏಳುತ್ತದೆ, ಆದ್ದರಿಂದ ಹದ ನೋಡಬೇಕು. ಸಂಜೆ ಜೀರುಂಡೆ ಶುರುವಾದ ಮೇಲೆಯೇ ಹದ ನೋಡಿ. ಮಧ್ಯಾಹ್ನದ ಮೌನದಲ್ಲಿ ಸರಿಯಾದದ್ದು ರಾತ್ರಿಗೆ ಸಾಲುವುದಿಲ್ಲ. ಹತ್ತಕ್ಕೆ ಐದು ನಿಮಿಷ ಇರುವಾಗ ಅಂಗಳದ ಆಂಪನ್ನು ಗುಂಪಿನಿಂದ ಬಿಡಿಸುತ್ತೇನೆ, ಒಳಗಿನವು ಹಾಡುತ್ತಲೇ ಇರುತ್ತವೆ.

ಆ ಸಲ ಮೊದಲ ರಾತ್ರಿ ಹಾಕಿದ್ದು ಕೃಷ್ಣಸಂಧಾನ. ಚಪ್ಪರದ ಕೊನೆಯಲ್ಲಿ ಕೂರುವ ಅದೇ ಹಿರಿಯರ ಕತ್ತಿ ಒಂದು ಗಳಿಗೆ ನಿಂತಿತು. ಕೌರವನ ಮಾತಿಗೆ ಕೃಷ್ಣ ಉತ್ತರ ಕೊಡುತ್ತಿದ್ದ. ಉತ್ತರ ಮುಗಿದ ಮೇಲೆ ಅವರು ತಲೆದೂಗಿ ಮುಂದಿನ ಅಡಕೆ ಎತ್ತಿಕೊಂಡರು.

ಗುಡುಗಿನ ಬಗ್ಗೆ ಒಂದು ಮಾತು ಬಾಕಿ ಇದೆ. ಏಪ್ರಿಲ್ ಮೇ ತಿಂಗಳ ಸಿಡಿಲು ಅಂಗಳದ ಉದ್ದನೆಯ ತಂತಿಯನ್ನು ಹಿಡಿದು ಒಳಗಿನ ಆಂಪ್‌ಗೆ ಬರಬಲ್ಲದು. ಅದಕ್ಕಾಗಿ ತಂತಿಯ ತುದಿಗೆ, ಸುಲಭವಾಗಿ ಸಿಕ್ಕಿಸಿ ಕೀಳಬಹುದಾದ ಬನಾನಾ ಪ್ಲಗ್ ಹಾಕಿದ್ದೇನೆ. ಮೋಡ ಕಟ್ಟಿತೆಂದರೆ ಆಯಿಯೇ ಹೋಗಿ ಎಂಟೂ ಪ್ಲಗ್ಗುಗಳನ್ನು ಕಿತ್ತು, ಗೋಡೆಯ ಸ್ವಿಚ್ಚಿನ ಪ್ಲಗ್ಗನ್ನೂ ತೆಗೆದಿಡುತ್ತಾಳೆ. ಚಪ್ಪರ ಬಿಚ್ಚುವ ದಿನ ಕಂಬದ ಎರಡು ಸ್ಪೀಕರ್‌ಗಳನ್ನು ಇಳಿಸಿ, ಒಣ ಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಟ್ಟಿ ಮುಚ್ಚಳದ ತಗಡಿನ ಡಬ್ಬದಲ್ಲಿಟ್ಟು ಮೆತ್ತಿಗೆ ಏರಿಸುತ್ತೇನೆ. ತಂತಿಯ ತುದಿಗಳಿಗೆ ಗ್ರೀಸ್ ಸವರಿ, ಟೇಪ್ ಸುತ್ತಿ, ಮೇಲೆ 3, 4 ಎಂದು ಬರೆದು ಮಾಡಿನ ಅಡಿಗೆ ಸುರುಳಿ ಸುತ್ತಿ ಕಟ್ಟುತ್ತೇನೆ. ಮೂರನೆಯದರ ಕೆಂಪು ತಂತಿಗೆ ಮಗಳು ಒಂದು ಕೆಂಪು ದಾರವನ್ನೂ ಕಟ್ಟಿದ್ದಾಳೆ.