ನೆತ್ತಿಯ ಮೇಲಿನ ಹತ್ತು ನಿಮಿಷ

ಬಾಹ್ಯಾಕಾಶ ನಿಲ್ದಾಣದವರ ದನಿಯನ್ನು ಹ್ಯಾಮ್ ರೇಡಿಯೊದಲ್ಲಿ, ಅಂದರೆ ಹವ್ಯಾಸಿಗಳ ರೇಡಿಯೊದಲ್ಲಿ, ನೇರವಾಗಿ ಕೇಳಬಹುದು ಅಂತ ಗೊತ್ತಾದ ದಿನದಿಂದ ನನಗೆ ಅದೇ ಧ್ಯಾನ. ಮೊದಲ ತಿಂಗಳು ಕೇಳಿಸಿದ್ದು ಬರೀ ಗೊರಗೊರ. ಕೈ ಸೆಟ್ಟನ್ನು 145.800 ಮೆಗಾಹರ್ಟ್ಸ್‌ಗೆ ಸರಿಯಾಗಿಯೇ ಇಟ್ಟಿದ್ದೆ. ನಿಲ್ದಾಣ ನೆತ್ತಿಯ ಮೇಲೇ ಹೋಗುತ್ತಿತ್ತು. ಆದರೂ ದನಿ ಇಲ್ಲ. ತಪ್ಪು ಸೆಟ್ಟಿನದಲ್ಲ, ಹೊತ್ತಿನದು ಅಂತ ಆಮೇಲೆ ಹೊಳೆಯಿತು. ನಾನು ಕಿವಿಗೊಟ್ಟು ಕೂತ ಎಷ್ಟೋ ಸಲ ಅವರು ನಿದ್ದೆಯಲ್ಲಿದ್ದರು, ಇಲ್ಲವೇ ಕೆಲಸದಲ್ಲಿದ್ದರು.

ನಿಲ್ದಾಣ ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ. ಅಲ್ಲಿ ದಿನಕ್ಕೆ 16 ಸಲ ಸೂರ್ಯ ಹುಟ್ಟಿ ಮುಳುಗುತ್ತಾನೆ. ಅದನ್ನು ನಂಬಿ ಬದುಕಲಾಗುತ್ತದೆಯೇ? ಅದಕ್ಕೇ ಅವರ ಗಡಿಯಾರ ಗ್ರೀನ್‌ವಿಚ್ ಸಮಯದ್ದು. ಸಾಮಾನ್ಯವಾಗಿ ಬೆಳಗ್ಗೆ 6ಕ್ಕೆ ಏಳುತ್ತಾರೆ, ರಾತ್ರಿ 9:30ರ ಹೊತ್ತಿಗೆ ಮಲಗುತ್ತಾರೆ. ನಡುವಿನ ಹೊತ್ತು ಅವರ ಕೈಯಲ್ಲಿಲ್ಲ. ದಿನದ ಕೆಲಸವೆಲ್ಲ ಕಂಪ್ಯೂಟರ್ ಪರದೆಯ ಮೇಲಿರುತ್ತದೆ. ಅದರ ಮೇಲೊಂದು ಕೆಂಪು ಗೆರೆ ಗಡಿಯಾರದ ಜತೆ ಸರಿಯುತ್ತಲೇ ಇರುತ್ತದೆ. ಪ್ರಯೋಗ, ರಿಪೇರಿ, ಜತೆಗೆ ಎರಡು ಗಂಟೆಯಷ್ಟು ವ್ಯಾಯಾಮ. ಇದನ್ನು ತಪ್ಪಿಸುವ ಹಾಗಿಲ್ಲ. ಭಾರ ಹೊರದ ಮೂಳೆ, ಸ್ನಾಯು ಬೇಗ ಸವೆಯುತ್ತವೆ.

ಅಂದರೆ ಸುಮ್ನೆ ಹರಟೆಗೆ ರೇಡಿಯೊ ಹಿಡಿಯುವುದು ಬಿಡುವಿದ್ದಾಗ ಮಾತ್ರ. ಶಾಲೆಯ ಮಕ್ಕಳ ಜತೆಗಿನ ಮಾತುಕತೆ ಬೇರೆ. ಎಆರ್‌ಐಎಸ್‌ಎಸ್ ಎಂಬ ಹ್ಯಾಮ್‌ಗಳ ಬಳಗ 2000ದಿಂದ ಇದನ್ನು ನಡೆಸುತ್ತಿದೆ, ಹೊತ್ತನ್ನು ಮೊದಲೇ ತಿಳಿಸುತ್ತದೆ. ನಾನು ಕಾದದ್ದು ಅಂಥದ್ದಕ್ಕೇ. ಮಾತಾಡಲು ಲೈಸೆನ್ಸ್ ಬೇಕು. ನನಗೆ ಕೇಳಿಸಿಕೊಳ್ಳುವುದೇ ದೊಡ್ಡದಾಗಿತ್ತು.

ಸೆಟ್ಟಿನ ಜತೆ ಬಂದ ಗಿಡ್ಡ ಆಂಟೆನಾ ಸಾಲದು. ನಾನು ಪ್ಲಾಸ್ಟಿಕ್ ಪೈಪಿಗೆ ಅಳತೆ ಟೇಪಿನ ಮೂರು ತುಂಡು ಕಟ್ಟಿ ಒಂದೇ ದಿಕ್ಕಿಗೆ ಗುರಿಯಿಟ್ಟು ಹಿಡಿಯುವ ಯಾಗಿ ಆಂಟೆನಾ ಮಾಡಿಕೊಂಡೆ. ತುಂಡುಗಳು ಹೆಚ್ಚುಕಮ್ಮಿ ಒಂದೊಂದು ಮೀಟರ್. ನಿಲ್ದಾಣ ಸಾಗಿದ ಹಾಗೆ ಅದನ್ನೂ ತಿರುಗಿಸುತ್ತಿರಬೇಕು. ದನಿ ಸೊರಗಿದರೆ ಮಣಿಕಟ್ಟು ಹೊರಳಿಸಿ ನೋಡಬೇಕು. ಅಡ್ಡ ಹಿಡಿದಾಗ ಸತ್ತ ಸಿಗ್ನಲ್ ನೆಟ್ಟಗೆ ಹಿಡಿದಾಗ ಎದ್ದು ಬರುತ್ತದೆ. ಸಿಗ್ನಲ್ ಇಲ್ಲದಾಗ ಗೊರಗೊರ ಅಡಗಿಸುವ ಸ್ಕ್ವೆಲ್ಚ್ ಅನ್ನು ಪೂರ್ತಿ ತೆರೆದಿಡಿ. ಗೊರಗೊರ ಸಹಿಸಿದವರಿಗೇ ಸಣ್ಣ ದನಿ ಸಿಗುವುದು.

ಇನ್ನೊಂದು ತೊಡಕು ವೇಗದ್ದು. ಶಿಳ್ಳೆ ಹಾಕುತ್ತಾ ಬರುವ ರೈಲಿನ ದನಿ ನಮ್ಮನ್ನು ದಾಟಿದ ಕೂಡಲೇ ಇಳಿಯುತ್ತದಲ್ವಾ? ಗಂಟೆಗೆ ಸುಮಾರು 28,000 ಕಿ.ಮೀ. ಓಡುವ ನಿಲ್ದಾಣದ ರೇಡಿಯೊ ಅಲೆಯೂ ಹಾಗೇ. ಬರುವಾಗ ಸುಮಾರು 3.5 ಕಿಲೋಹರ್ಟ್ಸ್ ಮೇಲೆ, ಹೋಗುವಾಗ ಅಷ್ಟೇ ಕೆಳಗೆ. ನನ್ನ ಸೆಟ್ಟಿನಲ್ಲಿ 5 ಕಿಲೋಹರ್ಟ್ಸ್ ಹೆಜ್ಜೆ ಮಾತ್ರ ಇತ್ತು. ಹಾಗಾಗಿ 145.805ರಲ್ಲಿ ಶುರುಮಾಡಿ, ನಡುವೆ 145.800, ಕೊನೆಗೆ 145.795. ಮೂರೂ ಚಾನಲ್‌ಗಳನ್ನು ಮೊದಲೇ ಮೆಮೊರಿಗೆ ಹಾಕಿಟ್ಟುಕೊಂಡಿದ್ದೆ.

ಅವತ್ತು ನಿಲ್ದಾಣ ದಿಗಂತದಲ್ಲಿ ಮೂಡುವಾಗ ನನ್ನಿಂದ 2,000 ಕಿ.ಮೀ.ಗೂ ದೂರ. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಗೊರಗೊರದ ಅಡಿಯಿಂದ ಒಂದು ಹೆಂಗಸಿನ ದನಿ ತೆಳುವಾಗಿ ಎದ್ದಿತು. ಸ್ವಲ್ಪ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ನಿಂತು ಮಾತಾಡಿದಷ್ಟು ಸ್ಪಷ್ಟ. ನನ್ನ ಕೈ ನಡುಗುತ್ತಿತ್ತು.

ಮಕ್ಕಳ ಪ್ರಶ್ನೆ ಬೇರೆ ಫ್ರೀಕ್ವೆನ್ಸಿಯಲ್ಲಿ ಮೇಲೆ ಹೋಗುತ್ತದೆ, ದೂರದ ನಮಗೆ ಕೇಳಿಸುವುದಿಲ್ಲ. ಉತ್ತರ ಕೇಳಿ ಪ್ರಶ್ನೆ ಊಹಿಸಿಕೊಳ್ಳಬೇಕು. ಮೊದಲ ಉತ್ತರ ನಿದ್ದೆಯದು. ಗೋಡೆಗೆ ಕಟ್ಟಿದ ಚೀಲದೊಳಗೆ ಮಲಗುತ್ತಾರೆ, ಗಾಳಿ ಆಡುತ್ತಲೇ ಇರಬೇಕು. ಬಿಸಿಗಾಳಿ ತಾನಾಗಿ ಮೇಲೇರುವ ಮಾತು ಅಲ್ಲಿಲ್ಲ. ಫ್ಯಾನ್ ನಿಂತರೆ ಬಿಟ್ಟ ಉಸಿರು ಮುಖದ ಸುತ್ತಲೇ ಉಳಿದುಬಿಡುತ್ತದೆ. ಆಮೇಲೆ ಬಂದದ್ದು ಕಳೆದುಹೋದ ವಸ್ತುಗಳ ಮಾತು. ಕೈಜಾರಿದ ಪೆನ್ನು ಗಾಳಿಯ ಜತೆ ತೇಲಿ ಕೊನೆಗೆ ಗಾಳಿ ಎಳೆಯುವ ಜಾಲರಿಗೆ ಬಂದು ಅಂಟಿರುತ್ತದಂತೆ. ಏನೇ ಕಳೆದರೂ ಮೊದಲು ಹುಡುಕುವುದು ಅಲ್ಲೇ. ನೆಲಕ್ಕೆ ಬೀಳುವ ಮಾತೇ ಇಲ್ಲದ ಮನೆಯಲ್ಲಿ ಅದೇ ನೆಲ ಅನ್ನಿಸಿತು ನನಗೆ.

ಮುಂದಿನದು ನೀರಿನ ವಿಷಯ. ಬೆವರು, ಮೂತ್ರ ಎಲ್ಲವನ್ನೂ ಶುದ್ಧಮಾಡಿ ಮತ್ತೆ ಕುಡಿಯುವ ನೀರಾಗಿಸುವುದನ್ನು ವಿವರಿಸುತ್ತಿದ್ದರು. ವಾಕ್ಯದ ನಡುವೆಯೇ ನಿಲ್ದಾಣ ದಿಗಂತದ ಕೆಳಗಿಳಿಯಿತು. 145.795ರಲ್ಲೂ ಬರೀ ಗೊರಗೊರ.

ಕೇಳಲು ಹೊರಡುವವರು ರೆಕಾರ್ಡರ್ ಆನ್ ಮಾಡಿಟ್ಟುಕೊಳ್ಳಿ. ಅವತ್ತು ನಾನು ಮಾಡಿರಲಿಲ್ಲ. ಮೇಲೆ ಬರೆದದ್ದು ಆ ರಾತ್ರಿಯೇ ನೆನಪಿನಿಂದ ಬರೆದಿಟ್ಟ ಟಿಪ್ಪಣಿಯಿಂದ.