ಇಡೀ ಬಳಗಕ್ಕೆ ಕೊಡಗಿನ ಹಳೇ ಬಂಗಲೆ: ನಾವು ಹಿಡಿದದ್ದು, ಉಳಿದದ್ದು

ಸ್ಕಾಟ್ಲೆಂಡ್‌ನಲ್ಲಿ ಓದುತ್ತಿರುವ ಅಕ್ಕನ ಮಗಳು ಅಲ್ಲಿನ ಹಳೇ ಕೋಟೆಮನೆಯೊಂದರ ಫೋಟೋ ಕಳಿಸಿದ್ದಳು. ಕಲ್ಲಿನ ಗೋಡೆ, ಗೋಪುರ, ಸುತ್ತ ಹುಲ್ಲುಗಾವಲು. ಅವಳ ಸ್ನೇಹಿತೆಯ ಮನೆಯವರು ಅದನ್ನು ವಾರಕ್ಕೆಂದು ಪೂರ್ತಿ ಬಾಡಿಗೆಗೆ ಹಿಡಿದಿದ್ದರಂತೆ. "ಅಜ್ಜಿಗೆ ಎಂಬತ್ತು ತುಂಬುತ್ತೆ ಅಲ್ವಾ ಚಿಕ್ಕಮ್ಮಾ? ನಮ್ಮ ಕೊಡಗಲ್ಲಿ ಹೀಗೆ ಒಂದು ಅರಮನೆ ಸಿಗಲ್ವಾ?" ಎಂದು ಕೇಳಿದಳು. ಅಮ್ಮ ಹುಟ್ಟಿದ್ದು ಸೋಮವಾರಪೇಟೆ ಕಡೆ. ಹಾಗಾಗಿ ಊರು ಯಾವುದು ಎಂಬ ಚರ್ಚೆಯೇ ಬರಲಿಲ್ಲ. ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಬ್ರಿಟನ್ನಿನಲ್ಲಿ ಇದು ಚೆನ್ನಾಗಿ ಬೇರೂರಿದ ವ್ಯವಸ್ಥೆ. ಲ್ಯಾಂಡ್‌ಮಾರ್ಕ್ ಟ್ರಸ್ಟ್ ಎಂಬ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ. ಬೀಳುವ ಹಂತಕ್ಕೆ ಬಂದ ಹಳೇ ಕಟ್ಟಡ ತೆಗೆದುಕೊಳ್ಳುತ್ತಾರೆ, ಸರಿ ಮಾಡುತ್ತಾರೆ, ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಾರೆ. ಬಾಡಿಗೆ ಹಣ ಕಟ್ಟಡದ ರಿಪೇರಿಗೆ ಹೋಗುತ್ತದೆ. ಸ್ಕಾಟ್ಲೆಂಡ್‌ನ ಸ್ಯಾಡೆಲ್ ಕೋಟೆಯಲ್ಲಿ ಈಗ ಹೀಗೇ ಜನ ಉಳಿಯುತ್ತಾರೆ. ಈ ಆಲೋಚನೆ ನನಗೆ ತುಂಬ ಹಿಡಿಸಿತು. ಜನ ಓಡಾಡುವ, ಒಲೆ ಉರಿಯುವ ಮನೆ ಉಳಿಯುತ್ತದೆ. ಬೀಗ ಹಾಕಿದ ಮನೆಯ ಕಥೆ ಬೇರೆ.

ಕೊಡಗಿನಲ್ಲಿ ಮಾತ್ರ ಅರಮನೆ ಬಾಡಿಗೆಗೆ ಸಿಗುವುದಿಲ್ಲ. ಮಡಿಕೇರಿ ಕೋಟೆಯೊಳಗಿನ ಅರಮನೆಯನ್ನು ಕೊಡಗಿನ ರಾಜ ಲಿಂಗರಾಜೇಂದ್ರ 1812ರಿಂದ 1814ರ ನಡುವೆ ಕಟ್ಟಿಸಿದ. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಯನ್ನು ಅದಕ್ಕೂ ಮೊದಲೇ, 1792–94ರಲ್ಲಿ, ದೊಡ್ಡವೀರರಾಜೇಂದ್ರ ಕಟ್ಟಿಸಿದ್ದ. ಎರಡನ್ನೂ ನೋಡಿ ಬರಬಹುದು, ಉಳಿಯಲು ಆಗುವುದಿಲ್ಲ. 1834ರಲ್ಲಿ ಇಂಗ್ಲಿಷರು ಕೊನೆಯ ರಾಜ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಾಶಿಗೆ ಕಳಿಸಿದರು. ರಾಜಸ್ಥಾನದಲ್ಲಿ ರಾಜಮನೆತನದವರೇ ತಮ್ಮ ಅರಮನೆಯನ್ನು ಹೋಟೆಲ್ ಮಾಡಿದ ಹಾಗೆ ಇಲ್ಲಿ ಮಾಡಲು ಯಾರೂ ಉಳಿದಿರಲಿಲ್ಲ.

ಇಲ್ಲಿ ಸಿಗುವುದು ತೋಟದ ಬಂಗಲೆ. 1854ರಲ್ಲಿ ಫೌಲರ್ ಎಂಬ ಇಂಗ್ಲಿಷಿನವನು ಮಡಿಕೇರಿಯಲ್ಲಿ ಕಾಫಿ ತೋಟ ಮಾಡಿದ. ಅವನ ಹಿಂದೆ ಇತರರು ಬಂದರು. ತೋಟ ಎಂದ ಮೇಲೆ ದೊರೆಗೊಂದು ಬಂಗಲೆ ಬೇಕಲ್ಲ. ಹೆಂಚಿನ ಮಾಡು, ಎತ್ತರದ ಚಾವಣಿ, ಮೂರು ಕಡೆ ಜಗಲಿ, ಹಾಲ್‌ನಲ್ಲಿ ಬೆಂಕಿಗೂಡು. ಆಮೇಲೆ ಹೆಚ್ಚಿನವು ನಮ್ಮವರ ಕೈಗೆ ಬಂದವು. ಪಾಲಿಬೆಟ್ಟ, ಸಿದ್ದಾಪುರ, ಅಮ್ಮತ್ತಿ, ಸುಂಟಿಕೊಪ್ಪದ ಸುತ್ತ ಇಂಥವು ಇವೆ. ಕೆಲವನ್ನು ಕಂಪನಿಗಳು ನಡೆಸುತ್ತವೆ, ಕೆಲವನ್ನು ಮನೆಯವರೇ.

ಐನ್‌ಮನೆ ಬಾಡಿಗೆಗೆ ಹಿಡಿಯೋಣ ಎಂದು ನಮ್ಮ ಭಾವ ಹೇಳಿದರು. ನಾನು ಒಪ್ಪಲಿಲ್ಲ. ಐನ್‌ಮನೆ ಎಂದರೆ ಒಂದು ಒಕ್ಕದ, ಅಂದರೆ ಕೊಡವ ಮನೆತನದ, ಮೂಲಮನೆ. ಹಿರಿಯರ ಹೆಸರಿನ ದೀಪ ಉರಿಯುವ ಜಾಗ, ಸುಗ್ಗಿ ಹಬ್ಬ ಪುತ್ತರಿಗೆ ಇಡೀ ಒಕ್ಕ ಸೇರುವ ಜಾಗ. ಆ ಮನೆಯವರೇ ಅತಿಥಿಗಳೆಂದು ಕರೆದು ಉಳಿಸಿಕೊಂಡರೆ ಅದು ದೊಡ್ಡ ಮಾತು, ಕಾಲ್ತೊಳೆದು ಒಳಗೆ ಹೋಗಬೇಕು. ಕೇಕ್ ಕತ್ತರಿಸಿ, ಮಕ್ಕಳು ಕುಣಿಯುವ ರಜೆಗೆ ಅದು ತಕ್ಕ ಜಾಗ ಅಲ್ಲ ಅಂತ ನನ್ನ ಅಭಿಪ್ರಾಯ.

ನಾವು ಇಪ್ಪತ್ತಕ್ಕಿಂತ ಜಾಸ್ತಿ ಜನ. ಇಷ್ಟು ಜನಕ್ಕೆ ಬಂಗಲೆ ಹುಡುಕುವಾಗ ಎಲ್ಲರೂ ಕೇಳುವುದು "ಎಷ್ಟು ರೂಮಿದೆ?" ಎಂದು. ನಾನು ರೂಮಿಗಿಂತ ಮೊದಲು ಮನೆ ನೋಡಿಕೊಳ್ಳುವವರ ಫೋನ್ ನಂಬರ್ ಕೇಳುತ್ತಿದ್ದೆ. ಮಾಲೀಕರು ಎಷ್ಟೋ ಸಲ ಬೆಂಗಳೂರಿನಲ್ಲಿರುತ್ತಾರೆ. ಅವರಿಗೆ ಮನೆಯ ಚರಿತ್ರೆ ಗೊತ್ತು. ಯಾವ ಬಚ್ಚಲಿಗೆ ಬಿಸಿನೀರು ಬರಲು ಎಷ್ಟು ಹೊತ್ತು ಬೇಕು, ಯಾವ ಕಿಟಕಿ ಮುಚ್ಚುವುದಿಲ್ಲ, ಇದೆಲ್ಲ ಗೊತ್ತಿರುವುದು ದಿನಾ ಬಾಗಿಲು ತೆಗೆಯುವವರಿಗೆ. ಒಂದು ಕಡೆ ಫೋಟೋ ನೋಡಿ ನಮ್ಮವರೆಲ್ಲ ಮರುಳಾಗಿದ್ದರು. ಅಲ್ಲಿನ ಮನೆ ನೋಡಿಕೊಳ್ಳುವ ಅಣ್ಣನನ್ನು ಕೇಳಿದೆ. "ಅಕ್ಕಾ, ಆ ಫೋಟೋ ಹಳೇದು. ಹಿಂದಿನ ಎರಡು ರೂಮಿಗೆ ಈಗ ಬೀಗ ಹಾಕಿದೆ, ಸೋರ್ತದೆ" ಎಂದರು. ಅಷ್ಟು ನೇರವಾಗಿ ಹೇಳಿದ ಆ ಅಣ್ಣನಿಗೆ ನಾನು ಇವತ್ತಿಗೂ ಋಣಿ.

ಕೊನೆಗೆ ಅಮ್ಮತ್ತಿ ಹತ್ತಿರ ಒಂದು ಬಂಗಲೆ ಒಪ್ಪಿಗೆಯಾಯಿತು. ಮುಂಗಡ ಕೊಡುವ ಮೊದಲು ವೀಡಿಯೊ ಕಾಲ್‌ನಲ್ಲಿ ಮನೆ ಪೂರ್ತಿ ನಡೆದು ತೋರಿಸಿ ಎಂದು ಕೇಳಿಕೊಂಡೆ. ಇದನ್ನು ಯಾರೂ ಬಿಡಬಾರದು. ಫೋಟೋದಲ್ಲಿ ಕಾಣದ್ದೆಲ್ಲ ಅದರಲ್ಲಿ ಕಾಣುತ್ತದೆ. ಹಳೇ ಬಂಗಲೆಗಳಲ್ಲಿ ನಡುವೆ ಓಣಿ ಇರುವುದಿಲ್ಲ, ಒಂದು ರೂಮಿನಿಂದ ಇನ್ನೊಂದಕ್ಕೆ ಬಾಗಿಲು. ಮೂರನೇ ರೂಮಿನವರು ರಾತ್ರಿ ಎದ್ದರೆ ಎರಡನೇ ರೂಮಿನವರ ಮಂಚದ ಪಕ್ಕದಲ್ಲೇ ಹೋಗಬೇಕು. ಹಾಗಾಗಿ ಒಂದು ಹಾಳೆ ಮೇಲೆ ಮನೆಯ ನಕ್ಷೆ ಬರೆದು, ಯಾರು ಎಲ್ಲಿ ಅಂತ ಮೊದಲೇ ಗುರುತು ಮಾಡಿದೆ. ಅಮ್ಮ, ದೊಡ್ಡಮ್ಮ, ಮಾವ ಮೂವರಿಗೂ ಜಗಲಿಗೆ ನೇರ ಬಾಗಿಲಿರುವ, ಕಮೋಡ್ ಇರುವ, ಮೆಟ್ಟಿಲಿಲ್ಲದ ರೂಮುಗಳು. ಹೊಸದಾಗಿ ಮದುವೆಯಾದ ತಮ್ಮನ ಮಗನಿಗೆ ಕೊನೆಯ ರೂಮು. ಮಕ್ಕಳೆಲ್ಲ ಹಾಲ್‌ನಲ್ಲಿ ಹಾಸಿಗೆ ಹಾಸಿಕೊಂಡು.

ಬಚ್ಚಲಿಗೂ ಹೊರಗಡೆಯಿಂದ ಇನ್ನೊಂದು ಬಾಗಿಲು ಇತ್ತು. ಹಿಂದಿನ ಕಾಲದಲ್ಲಿ ಆಳುಗಳು ನೀರು ಹೊತ್ತು ತರುವುದಕ್ಕೆ, ಗುಡಿಸುವುದಕ್ಕೆ ಬರುತ್ತಿದ್ದ ದಾರಿ ಅದು. ಆ ಬಾಗಿಲ ಚಿಲಕ ಗಟ್ಟಿ ಇದೆಯೇ ಎಂದು ಹೋದ ತಕ್ಷಣ ನೋಡಿ. ಚಿಲಕ ಸಡಿಲ ಇದ್ದರೆ ಕೋತಿ ಒಳಗೆ ಬರುತ್ತದೆ.

ಕರೆಂಟಿನ ವಿಚಾರ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಜನ ಕಷ್ಟಪಡುವುದು ಇಲ್ಲೇ. ಹಳೇ ವೈರಿಂಗ್ ಇರುವ ಮನೆಯಲ್ಲಿ ನಾಲ್ಕು ಗೀಸರ್ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುತ್ತದೆ. ತ್ರೀ ಫೇಸ್ ಇದೆಯೇ ಕೇಳಬೇಕು. ಕೊಡಗಿನಲ್ಲಿ ಗಾಳಿ ಬೀಸಿ ಒಂದು ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದರೆ ಸಾಕು, ಕತ್ತಲೆ. ಜನರೇಟರ್ ಇದೆ ಎಂದು ಎಲ್ಲರೂ ಹೇಳುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಜನರೇಟರ್‌ನಲ್ಲಿ ನೀರಿನ ಮೋಟರ್ ಓಡುತ್ತಾ? ದೀಪ ಉರಿದು ನಲ್ಲಿಯಲ್ಲಿ ನೀರಿಲ್ಲದಿದ್ದರೆ ಇಷ್ಟು ಜನಕ್ಕೆ ಏನು ಮಾಡುವುದು? ನಮ್ಮ ಬಂಗಲೆಯಲ್ಲಿ ಮೋಟರ್ ಓಡುತ್ತಿರಲಿಲ್ಲ. ಅದು ಮೊದಲೇ ಗೊತ್ತಿದ್ದರಿಂದ ಟ್ಯಾಂಕ್ ತುಂಬಿಸಿಡುವ ಸಮಯ ಗೊತ್ತು ಮಾಡಿಕೊಂಡೆವು. ಸ್ನಾನಕ್ಕೆ ಹಿಂದೆ ಸೌದೆ ಒಲೆಯ ದೊಡ್ಡ ಹಂಡೆ ಇತ್ತು. ಕಾಫಿ ಗಿಡದ ಸೌದೆ ಚೆನ್ನಾಗಿ ಉರಿಯುತ್ತದೆ. ಒಂದು ರಾತ್ರಿ ಕರೆಂಟ್ ಹೋಗಿ ಬೆಳಗಾದರೂ ಬರಲಿಲ್ಲ, ಆದರೆ ಎಲ್ಲರಿಗೂ ಬಿಸಿನೀರು ಸಿಕ್ಕಿತು. ಗೀಸರ್ ನೀರಿಗಿಂತ ಹಂಡೆ ನೀರೇ ಮೈಗೆ ಹಿತ ಎಂದು ದೊಡ್ಡಮ್ಮ ಮಾರನೇ ದಿನವೂ ಅದನ್ನೇ ಕೇಳಿದರು.

ಬೆಂಕಿಗೂಡು ನೋಡಿ ಹುಡುಗರಿಗೆ ಉತ್ಸಾಹ. ಹೊಗೆಗೂಡು ಶುಚಿ ಮಾಡಿ ಎಷ್ಟು ದಿನವಾಯಿತು ಎಂದು ಕೇಳಿಯೇ ಹಚ್ಚಬೇಕು. ಹಕ್ಕಿ ಗೂಡು ಕಟ್ಟಿರುತ್ತದೆ. ಹಚ್ಚುವ ಕೆಲಸವನ್ನು ಮನೆ ನೋಡಿಕೊಳ್ಳುವ ಅಣ್ಣನಿಗೇ ಬಿಟ್ಟೆವು.

ಯಾವ ತಿಂಗಳು ಹೋಗುವುದು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಯಸ್ಸಾದವರನ್ನು ಕರೆದುಕೊಂಡು ಹೋಗುವುದು ಬೇಡ. ಮಳೆ ಚಂದ, ನಿಜ. ಆದರೆ ಜಿಗಣೆ, ಜಾರುವ ಮೆಟ್ಟಿಲು, ಮರ ಬಿದ್ದು ಮುಚ್ಚುವ ರಸ್ತೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡ ಜಾರಿದ್ದು ಎಲ್ಲರಿಗೂ ನೆನಪಿದೆ. ಡಿಸೆಂಬರ್, ಜನವರಿಯಲ್ಲಿ ಚಳಿ ಹಿತವಾಗಿರುತ್ತದೆ, ಕಾಫಿ ಕೊಯ್ಲು ನೋಡಬಹುದು. ಆದರೆ ಕೊಯ್ಲಿನ ಹೊತ್ತಿನಲ್ಲಿ ತೋಟದವರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಕಣದ ತುಂಬ ಕಾಫಿ ಹರಡಿರುತ್ತದೆ, ಮಕ್ಕಳು ಅದರ ಮೇಲೆ ಓಡಬಾರದು. ನಾವು ಹೋದದ್ದು ಮಾರ್ಚ್‌ನಲ್ಲಿ. ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ರೊಬಸ್ಟಾ ಕಾಫಿ ಅರಳುತ್ತದೆ. ಆ ಮಳೆ ಯಾರ ಮಾತೂ ಕೇಳುವುದಿಲ್ಲ, ಹಾಗಾಗಿ ಹೂವು ನೋಡಲೆಂದೇ ತಾರೀಕು ಗೊತ್ತು ಮಾಡಲು ಆಗುವುದಿಲ್ಲ. ನಮಗೆ ಹೂವು ಸಿಕ್ಕಿತು. ಬೆಳಿಗ್ಗೆ ಕಿಟಕಿ ತೆಗೆದರೆ ಮಲ್ಲಿಗೆಯಂಥ ಪರಿಮಳ, ತೋಟವೆಲ್ಲ ಬೆಳ್ಳಗೆ. ಅಮ್ಮ ಜಗಲಿ ಬಿಟ್ಟು ಏಳಲಿಲ್ಲ. ಹೂವಿದ್ದಾಗ ಗಿಡದ ನಡುವೆ ನುಗ್ಗಬಾರದು, ಉದುರಿದರೆ ಅಷ್ಟು ಫಸಲು ಹೋಯಿತು ಎಂದು ಮಕ್ಕಳಿಗೆ ಅವರೇ ಹೇಳಿದರು.

ಕೊಡಗಿಗೆ ರೈಲಿಲ್ಲ. ಮೈಸೂರಿನಿಂದ ಹುಣಸೂರು, ತಿತಿಮತಿ, ಗೋಣಿಕೊಪ್ಪದ ದಾರಿಯಲ್ಲಿ ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೋದೆವು. ದೊಡ್ಡ ಗಾಡಿ ತೋಟದ ಗೇಟಿನವರೆಗೆ ಬರುತ್ತದೆ, ಅಲ್ಲಿಂದ ಬಂಗಲೆಗೆ ಹೋಗುವ ತಿರುವು, ಏರು ಅದಕ್ಕೆ ಆಗುವುದಿಲ್ಲ. ಗೇಟಿನಿಂದ ಜೀಪು ಬೇಕು ಎಂದು ಮೊದಲೇ ಮಾತಾಡಿದ್ದೆ. ಕತ್ತಲಾಗುವ ಮೊದಲು ತಲುಪಲೇಬೇಕು. ಆ ಕಡೆ ತೋಟಗಳಲ್ಲಿ ಆನೆ ಓಡಾಡುವುದು ದಿನದ ಮಾತು. ಹಲಸು ಹಣ್ಣಾಗುವ ಕಾಲದಲ್ಲಂತೂ ಅಂಗಳದವರೆಗೆ ಬರುತ್ತವೆ. ಕತ್ತಲಾದ ಮೇಲೆ ಯಾರೂ ಅಂಗಳ ದಾಟಬಾರದು ಎಂದು ಅಣ್ಣ ಮೊದಲ ಸಂಜೆಯೇ ಎಲ್ಲರನ್ನೂ ಕೂರಿಸಿ ಹೇಳಿದರು. ನಮ್ಮ ಹುಡುಗರು ಕ್ಯಾಂಪ್‌ಫೈರ್ ತೋಟದ ಅಂಚಿನಲ್ಲಿ ಬೇಕು ಎಂದಿದ್ದರು. ಅವರು ಬೇಡ ಎಂದರು, ಅಲ್ಲಿಗೆ ಮುಗಿಯಿತು. ಇಂಥ ವಿಷಯದಲ್ಲಿ ದುಡ್ಡು ಕೊಟ್ಟಿದ್ದೇವೆ ಎಂಬ ಮಾತು ತೆಗೆಯಬಾರದು. ಡಿಜೆ ಬಾಕ್ಸ್‌ಗೂ ಇದೇ ಮಾತು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಹೊರಗೆ ಧ್ವನಿವರ್ಧಕ ಹಾಕಬಾರದು ಎಂದು ಕಾನೂನೇ ಇದೆ. ಲೈನ್ ಮನೆಯಲ್ಲಿರುವ ತೋಟದ ಕೆಲಸಗಾರರು ಬೆಳಿಗ್ಗೆ ಬೇಗ ಕೆಲಸಕ್ಕೆ ಏಳಬೇಕು.

ಊಟದ ಲೆಕ್ಕ. ನಮ್ಮಲ್ಲಿ ಅರ್ಧ ಜನ ಮಾಂಸ ತಿನ್ನುವುದಿಲ್ಲ, ಅರ್ಧ ಜನ ಹಂದಿ ಮಾಂಸದ ಪಂದಿಕರಿಗೆಂದೇ ಕೊಡಗಿಗೆ ಬರುವವರು. ಅಡುಗೆಯ ಅಕ್ಕನ ಜೊತೆ ಹದಿನೈದು ದಿನ ಮುಂಚೆಯೇ ಫೋನಿನಲ್ಲಿ ಕೂತು ಹೊತ್ತುಹೊತ್ತಿನ ಅಡುಗೆ ಬರೆದುಕೊಂಡೆವು. ಅಲ್ಲಿ ಎರಡು ಅಡುಗೆಮನೆ. ಹಳೇ ಬಂಗಲೆಗಳಲ್ಲಿ ಹೊಗೆ, ಬೆಂಕಿಯ ಭಯಕ್ಕೆ ಅಡುಗೆಮನೆಯನ್ನು ಬೇರೆಯಾಗಿ ಹಿಂದೆ ಕಟ್ಟುತ್ತಿದ್ದರು. ಒಳಗೊಂದು ಸಣ್ಣದು ಆಮೇಲೆ ಮಾಡಿದ್ದು. ಒಳಗಿನದನ್ನು ಸಸ್ಯಾಹಾರಕ್ಕೆ ಬಿಟ್ಟುಕೊಟ್ಟರು. ಪಾತ್ರೆ ನಾವೇ ಒಯ್ದೆವು, ದೊಡ್ಡಮ್ಮನ ಮನಸ್ಸಿಗೆ ನೆಮ್ಮದಿ ಇರಲಿ ಎಂದು. ಅಕ್ಕಿಯಿಂದ ಮಾಡುವ ಕಡಂಬುಟ್ಟು, ನೂಪುಟ್ಟು, ಅಕ್ಕಿ ಒಟ್ಟಿ ಎಲ್ಲರಿಗೂ ಆಗುತ್ತಿತ್ತು. ಪಂದಿಕರಿಗೆ ಕಾಚಂಪುಳಿ ಎಂಬ ಕಪ್ಪು ಹುಳಿ ಹಾಕುವುದನ್ನು ನೋಡಲು ನಮ್ಮ ಸ್ಕಾಟ್ಲೆಂಡ್ ಹುಡುಗಿ ಒಲೆ ಪಕ್ಕದಲ್ಲೇ ನಿಂತಿದ್ದಳು. ತಲೆಗೆ ಇಷ್ಟು ಎಂದು ಊಟ ಸೇರಿಸಿ ಮಾತಾಡಿದರೆ ಲೆಕ್ಕ ಸುಲಭ. ಮಕ್ಕಳಿಗೆ ಎಷ್ಟು, ಡ್ರೈವರ್‌ಗಳ ಊಟ ಮತ್ತು ಮಲಗುವ ಜಾಗ ಸೇರಿದೆಯೇ, ಜಿಎಸ್‌ಟಿ ಒಳಗೋ ಹೊರಗೋ, ರದ್ದು ಮಾಡಿದರೆ ಎಷ್ಟು ವಾಪಸ್, ಇದೆಲ್ಲ ಫೋನಿನಲ್ಲಿ ಮಾತಾಡಿದ ಮೇಲೂ ವಾಟ್ಸಾಪ್‌ನಲ್ಲಿ ಬರೆಸಿಕೊಂಡೆ.

ಕಾಗದಪತ್ರದ ಒಂದು ವಿಷಯ ಜನ ಮರೆಯುತ್ತಾರೆ. ಬಳಗದಲ್ಲಿ ವಿದೇಶಿ ಪಾಸ್‌ಪೋರ್ಟ್ ಇರುವವರಿದ್ದರೆ ಬಂಗಲೆಯವರು ಇಪ್ಪತ್ತನಾಲ್ಕು ಗಂಟೆಯೊಳಗೆ ಫಾರ್ಮ್ ತುಂಬಿ ಅವರ ವಿವರ ಸರ್ಕಾರಕ್ಕೆ ಕೊಡಬೇಕು. ಅಮೆರಿಕದಿಂದ ಬಂದ ಅಣ್ಣನ ಮಕ್ಕಳ ಪಾಸ್‌ಪೋರ್ಟ್ ಪ್ರತಿ ಮೊದಲೇ ಕಳಿಸಿದ್ದೆ. ಅದನ್ನು ಕೇಳಿದ ಮನೆ ನೋಂದಣಿ ಮಾಡಿಸಿಕೊಂಡು ನೆಟ್ಟಗೆ ನಡೆಯುತ್ತಿದೆ ಎಂದು ನನಗೆ ಧೈರ್ಯವೂ ಬಂತು. ಹಾಗೆಯೇ ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ಜೀಪು ಯಾರು ತೆಗೆಯುತ್ತಾರೆ ಎಂದು ಕೇಳಿ ಬರೆದಿಟ್ಟಿದ್ದೆ. ಫೋನ್ ಸಿಗ್ನಲ್ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ.

ಅಮ್ಮನ ಹುಟ್ಟುಹಬ್ಬದ ಹಿಂದಿನ ದಿನ ನಾಲ್ಕುನಾಡು ಅರಮನೆಗೆ ಹೋದೆವು. ಇಷ್ಟು ಜನ ಇದ್ದಾಗ ದಿನಕ್ಕೊಂದೇ ಜಾಗ ಇಟ್ಟುಕೊಳ್ಳಿ. ತಡಿಯಂಡಮೋಳ್ ಬೆಟ್ಟದ ತಪ್ಪಲು, ಕಾಡಿನ ನಡುವೆ ಎರಡಂತಸ್ತಿನ ಮನೆ. ಟಿಪ್ಪುವಿನ ಜೊತೆ ಜಗಳ ಇದ್ದ ಕಾಲದ ಕಟ್ಟಡ, ಅದಕ್ಕೇ ಇಷ್ಟು ಒಳಗೆ. ಕೆತ್ತನೆಯ ಮರ, ಮುಂದೆ ಮದುವೆ ಮಂಟಪ. ರಾಜ್ಯ ಕೈಬಿಡುವ ಮುಂಚೆ ಚಿಕ್ಕವೀರರಾಜೇಂದ್ರ ಬಂದು ಉಳಿದದ್ದೂ ಇಲ್ಲೇ. ನಮ್ಮ ಹುಡುಗಿ ಕೇಳಿದ ಕೋಟೆಮನೆಗೆ ಕೊಡಗಿನಲ್ಲಿ ತೀರ ಹತ್ತಿರದ್ದು ಇದು.

ಸಂಜೆ ಬಂಗಲೆಗೆ ಬಂದ ಮೇಲೆ ಅವಳು ಮಾಲೀಕರ ಅಮ್ಮನ ಹತ್ತಿರ ಕೂತು ಮನೆಯ ಖರ್ಚಿನ ಬಗ್ಗೆ ಕೇಳುತ್ತಿದ್ದಳು. ಪ್ರತಿ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕು. ಹಳೇ ಅಳತೆಯ ಹೆಂಚು ಸಿಗುವುದಿಲ್ಲ, ಬಿದ್ದ ಮನೆಗಳಿಂದ ಹುಡುಕಿ ತರಬೇಕು. ಗೆದ್ದಲು ಹಿಡಿದ ಒಂದು ತೊಲೆ ಬದಲಿಸಲು ಬಡಗಿ, ಮರ, ಕೂಲಿ. "ಕಾಫಿ ದುಡ್ಡು ತೋಟಕ್ಕೇ ಹೋಗ್ತದೆ ಮಗಾ. ಈ ಮಾಡು ನಿಂತಿರೋದು ನಿಮ್ಮಂಥವರು ಬರೋದ್ರಿಂದ" ಎಂದರು ಆ ಅಜ್ಜಿ. ಹಾಗಾಗಿ ಬಾಡಿಗೆಯಲ್ಲಿ ತೀರ ಚೌಕಾಸಿ ಮಾಡಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಒಂದು ದಿನ ಕಡಿಮೆ ಉಳಿದರೂ ಸರಿ, ನ್ಯಾಯವಾದ ಬೆಲೆ ಕೊಡಿ.

ಹೊರಡುವ ದಿನ ಮನೆ ನೋಡಿಕೊಳ್ಳುವ ಅಣ್ಣನ ಜೊತೆ ಮನೆಯೆಲ್ಲ ಒಂದು ಸುತ್ತು ಬಂದೆವು. ಬಂದ ಸಂಜೆಯೇ ಬಿರುಕು ಬಿಟ್ಟ ಕನ್ನಡಿ, ಕಲೆಯಾದ ಮೇಜು ಎಲ್ಲ ಫೋಟೋ ತೆಗೆದಿಟ್ಟಿದ್ದರಿಂದ ಯಾವ ಮಾತುಕತೆಯೂ ಇರಲಿಲ್ಲ. ಮಕ್ಕಳು ಒಡೆದ ಒಂದು ಪಿಂಗಾಣಿ ತಟ್ಟೆಗೆ ದುಡ್ಡು ಕೊಟ್ಟೆವು. ಅಡುಗೆಯವರಿಗೆ, ಗುಡಿಸಿ ಒರೆಸಿದವರಿಗೆ, ಜೀಪು ಓಡಿಸಿದವರಿಗೆ ಬೇರೆ ಬೇರೆ ಕವರಿನಲ್ಲಿ ಹಾಕಿ ಅವರವರ ಕೈಗೇ ಕೊಟ್ಟೆ. ಮುಂದಿನ ಮಾರ್ಚ್‌ಗೆ ಬೇಕಿದ್ದರೆ ದೀಪಾವಳಿಗೆ ಮುಂಚೆ ಫೋನ್ ಮಾಡಿ, ಆಮೇಲೆ ಶನಿವಾರ, ಭಾನುವಾರ ಒಂದೂ ಖಾಲಿ ಇರುವುದಿಲ್ಲ ಎಂದು ಅಣ್ಣ ಹೇಳಿ ಕಳಿಸಿದರು.